ಡಾಕ್ಟರು ಕಳಿಸಿದ ಹುಡುಗಿ

ಜೂನ್ ೧೧

ಚಿಕ್ಕಮ್ಮ,

ನೀನು ಹೇಳಿಕೊಟ್ಟ ಉಪಾಯ ನನ್ನನ್ನೇ ಕೆಡವಿತು. ಸಂದರ್ಶನದಲ್ಲಿ ಎದುರಿನವರ ಕಣ್ಣು ನೋಡುವ ಧೈರ್ಯ ಬಾರದಿದ್ದರೆ ಬಾಯಿ ನೋಡು, ಅವರಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದಿದ್ದೆ. ಬೇರೆಯವರಿಗೆ ಅದು ಸರಿಹೋಗಬಹುದು. ಆದರೆ ನಾನು ಕಲಿತಿರುವುದು ಹಲ್ಲು ಕಟ್ಟಿಸಿಕೊಳ್ಳುವವರಿಗೆ ಬೇಕಾದ ಕ್ಯಾಪು, ಸೆಟ್ಟುಗಳನ್ನು ತಯಾರಿಸುವ ಕೆಲಸ. ಬಾಯಿ ನೋಡು ಎಂದರೆ ನಾನು ಹಲ್ಲು ನೋಡುತ್ತೇನೆ.

ಮೊನ್ನೆ ಹೋಗಿದ್ದು ದೊಡ್ಡ ಲ್ಯಾಬು. ಮೇಜಿನ ಆಚೆ ಮ್ಯಾನೇಜರು. "ನಿಮ್ಮ ಬಗ್ಗೆ ಹೇಳಿ" ಅಂದರು. ನಿನ್ನ ಉಪಾಯದಂತೆ ಅವರ ಬಾಯಿ ನೋಡಿದೆ. ಅವರ ಮೇಲಿನ ಸಾಲಿನಲ್ಲಿ ಒಂದು ಬಾಚಿಹಲ್ಲು ಪಕ್ಕದ್ದರ ಮೇಲೆ ಸ್ವಲ್ಪ ಒರಗಿಕೊಂಡಿತ್ತು, ಬಸ್ಸಿನಲ್ಲಿ ನಿದ್ದೆ ಹೋದವರು ಪಕ್ಕದವರ ಹೆಗಲಿಗೆ ಒರಗುವ ಹಾಗೆ. ಮೇಣದಲ್ಲಿ ಅದನ್ನು ಹೇಗೆ ಕೆತ್ತಬಹುದು ಎಂದು ಯೋಚಿಸುತ್ತ ಕೂತೆ. ಅವರು ಮೊದಲು ತುಟಿ ಮುಚ್ಚಿದರು. ಆಮೇಲೆ ಕೈ ಅಡ್ಡ ಇಟ್ಟುಕೊಂಡರು. ಕೊನೆಗೆ ಆ ಕೈಯ ಹಿಂದಿನಿಂದಲೇ ಕೇಳಿದರು:

"ಏನಾದ್ರೂ ಅಂಟ್ಕೊಂಡಿದ್ಯಾ?"

"ಇಲ್ಲ ಸರ್. ಚೆನ್ನಾಗಿದೆ."

"ಏನು ಚೆನ್ನಾಗಿದೆ?"

ಅವರ ಬಯೋಡೇಟಾ ಕಟ್ಟಿನ ತಳಕ್ಕೆ ನನ್ನದು ಹೋಗುವುದನ್ನು ಕಣ್ಣಾರೆ ಕಂಡೆ.

ಅದಕ್ಕೆ ಹಿಂದಿನ ವಾರ ಇನ್ನೊಂದು ಕಡೆ, "ನಮ್ಮಲ್ಲಿಗೆ ಹೇಗೆ ಬಂದ್ರಿ?" ಎಂದು ಕೇಳಿದರು. "ಬಸ್ಸಲ್ಲಿ" ಅಂದೆ. ಯಾರ ಪರಿಚಯದಿಂದ ಎನ್ನುವುದು ಅವರ ಪ್ರಶ್ನೆ ಎಂದು ಮೆಟ್ಟಿಲು ಇಳಿಯುವಾಗ ಹೊಳೆಯಿತು. ಎಲ್ಲ ಕಡೆಯೂ ಅದೇ ಪ್ರಶ್ನೆ, ಮಾತು ಮಾತ್ರ ಬೇರೆ ಬೇರೆ. ಈ ಕಸುಬಿನಲ್ಲಿ ಯಾರೂ ಜಾಹೀರಾತು ಹಾಕುವುದಿಲ್ಲ. ಡಾಕ್ಟರು ಲ್ಯಾಬಿಗೆ ಹೇಳುತ್ತಾರೆ, ಲ್ಯಾಬಿನವರು ಪಕ್ಕದ ಲ್ಯಾಬಿಗೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅಪ್ಪನಿಗೆ ಗೊತ್ತಿರುವವರೆಲ್ಲ ಪರದೆ ಕೊಳ್ಳುವವರು.

ವರ್ಷ ಮುಗಿಯುವುದರೊಳಗೆ ಕೆಲಸ ಸಿಗದಿದ್ದರೆ ಬಂದು ಅಂಗಡಿಯಲ್ಲಿ ಕೂತುಕೋ ಎಂದಿದ್ದಾರೆ ಅಪ್ಪ. ನಾನು ಒಪ್ಪಿಕೊಂಡಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ, ಈ ಬಣ್ಣ ನಿಮ್ಮ ಗೋಡೆಗೆ ಒಪ್ಪುತ್ತೆ ನೋಡಿ ಎನ್ನುತ್ತ ನಿಂತಿರುವ ನನ್ನನ್ನು ಊಹಿಸಿಕೊಂಡು ಒಮ್ಮೆ ನಕ್ಕುಬಿಡು. ಆದರೆ ನನಗೆ ಹೆದರಿಕೆಯಿಲ್ಲ. ಇದನ್ನು ಜಂಬದಿಂದ ಬರೆಯುತ್ತಿಲ್ಲ. ನನ್ನ ಕೈ ಒಳ್ಳೆಯದು. ಅದನ್ನು ನೋಡಬಲ್ಲವರ ಎದುರು ಒಮ್ಮೆ ಇಟ್ಟರೆ ಸಾಕು. ಅಲ್ಲಿಯವರೆಗೆ ಈ ಬಾಯಿಯನ್ನು ದಾಟಿ ಹೋಗುವುದೇ ಕಷ್ಟ.

ನಿನ್ನ
ಪಿಸು

—

ಜೂನ್ ೧೯

ಪ್ರೀತಿಯ ಪಿಸು,

ಪತ್ರ ಓದಿ ಆಫೀಸಿನಲ್ಲೇ ನಕ್ಕೆ. ಆಮೇಲೆ ಪೆಚ್ಚಾದೆ. ಬಾಯಿ ನೋಡು ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳಿದ್ದರಿಂದ ಯಾರಿಗಾದರೂ ಪ್ರಯೋಜನವಾಯಿತೇ ಎಂದು ತಿರುಗಿ ಕೇಳಿದವಳಲ್ಲ.

ನಾನು ಮೇಜಿನ ಆ ಕಡೆ ಕೂರುವವಳು ಎಂಬುದು ನಿನಗೆ ಗೊತ್ತೇ ಇದೆ. ಸರಕು ಸಾಗಿಸುವ ಕಂಪನಿಗೆ ಜನರನ್ನು ಆರಿಸುವುದು ನನ್ನ ಕೆಲಸ. ನಿನ್ನೆ ಗೋದಾಮಿಗೆ ಒಬ್ಬರನ್ನು ಆರಿಸಬೇಕಿತ್ತು. ಬಂದ ಪೆಟ್ಟಿಗೆಯ ತೂಕವನ್ನು ಚೀಟಿಯ ತೂಕಕ್ಕೆ ತಾಳೆ ನೋಡುವ ಕೆಲಸ. ದಿನವಿಡೀ ಪೆಟ್ಟಿಗೆಗಳ ಜೊತೆ. ಒಬ್ಬ ಯುವಕ ನನ್ನ ಪ್ರಶ್ನೆಗಳಿಗೆಲ್ಲ ಒಂದೊಂದೇ ಪದದಲ್ಲಿ ಉತ್ತರಿಸಿದ. ಇನ್ನೊಬ್ಬ ಮಾತಾಡುತ್ತ ಮಾತಾಡುತ್ತ ನಮ್ಮನ್ನೆಲ್ಲ ನಗಿಸಿದ. ನಾವು ನಗಿಸಿದವನನ್ನು ತೆಗೆದುಕೊಂಡೆವು. ಅವನು ಅಲ್ಲಿ ಯಾರನ್ನು ನಗಿಸುತ್ತಾನೆ? ನಿನ್ನ ಪತ್ರ ಇವತ್ತಿನ ಬದಲು ಮೊನ್ನೆ ಬಂದಿದ್ದರೆ ನಾನು ಬೇರೆ ತೀರ್ಮಾನ ಮಾಡುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳುವುದಾದರೆ ಗೊತ್ತಿಲ್ಲ.

ಈಗ ಒಂದು ಮಾತು. ನನ್ನ ಹಲ್ಲು ನೋಡುವ ಡಾಕ್ಟರು ಒಳ್ಳೆಯವರು. ನಿನ್ನ ಊರಿನ ಲ್ಯಾಬುಗಳು ಅವರಿಗೆ ಗೊತ್ತಿರಬಹುದು. ಒಂದು ಮಾತು ಹಾಕಲೇ? ಅಕ್ಕನಿಗಾಗಲಿ ಭಾವನಿಗಾಗಲಿ ತಿಳಿಯಬೇಕಾಗಿಲ್ಲ. ಇದರಲ್ಲಿ ತಪ್ಪೇನಿದೆ ಎಂದು ನನ್ನನ್ನೇ ಕೇಳಿಕೊಂಡೆ. ತಪ್ಪೇನೂ ಕಾಣಲಿಲ್ಲ. ಆದರೂ ನಿನ್ನನ್ನು ಕೇಳದೆ ಹೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ತಿನ್ನು.

ಚಿಕ್ಕಮ್ಮ

—

ಜುಲೈ ೨೪

ಚಿಕ್ಕಮ್ಮ,

ಬೇಡ.

ಒಂದೇ ಪದ ಬರೆದು ಅಂಚೆಗೆ ಹಾಕಿದರೆ ನೀನು ನೊಂದುಕೊಳ್ಳುತ್ತೀಯ ಎಂದು ಇಷ್ಟು ದಿನ ಬರೆಯದೆ ಕೂತಿದ್ದೆ. ಈಗಲೂ ಹೆಚ್ಚು ಬರೆಯಲು ತೋಚುತ್ತಿಲ್ಲ. ನೀನು ಹೇಳಿ ಕೆಲಸ ಸಿಕ್ಕಿದರೆ, ನಾನು ಮಾಡುವ ಮೊದಲ ಹಲ್ಲನ್ನು ಅವರು ನಿನ್ನ ಡಾಕ್ಟರ ಮುಖ ನೋಡಿ ಒಪ್ಪಿಕೊಳ್ಳುತ್ತಾರೆ. ಅದು ಚೆನ್ನಾಗಿತ್ತೋ ಇಲ್ಲವೋ ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಇದು ಹಟ ಅನ್ನಿಸಿದರೆ ಹಟವೇ ಇರಲಿ.

ಮತ್ತೆ ಕೆಲವು ಬಾಗಿಲು ತಟ್ಟಿದೆ. ಒಂದು ಕಡೆ ಪೂರ್ತಿ ನಾಲ್ಕು ವಾಕ್ಯ ಹೇಳಿದೆ. ಐದನೆಯದಕ್ಕೆ ಬರುವಷ್ಟರಲ್ಲಿ ಅವರ ಫೋನ್ ಬಂತು.

ಕೈ ಜಡ್ಡುಗಟ್ಟದಿರಲಿ ಎಂದು ದಿನಾ ಬೆಳಿಗ್ಗೆ ಮೇಣದಬತ್ತಿಯ ತುಂಡಿನಲ್ಲಿ ಒಂದು ದವಡೆಹಲ್ಲು ಕೆತ್ತುತ್ತೇನೆ. ಕಿಟಕಿಯ ಮೇಲೆ ಸಾಲಾಗಿ ಇಟ್ಟಿದ್ದೇನೆ. ರೂಮಿನಲ್ಲಿ ಜೊತೆಗಿರುವ ನರ್ಸ್, "ನಿನ್ನ ಕಿಟಕಿ ನನ್ನ ನೋಡಿ ಹಲ್ಲು ಕಿರೀತಿದೆ, ಒಂದು ಬಟ್ಟೆ ಹಾಕೇ" ಎಂದು ಬೈಯುತ್ತಾಳೆ.

ಅಮ್ಮ ಕೇಳಿದರೆ ಚೆನ್ನಾಗಿದ್ದಾಳೆ ಅನ್ನು.

ಪಿಸು

—

ಆಗಸ್ಟ್ ೧೮

ಚಿಕ್ಕಮ್ಮ,

ನನಗೆ ಕೋಪ ಬಂದಿದೆ. ಕೆಲಸವೂ ಸಿಕ್ಕಿದೆ. ಎರಡೂ ಒಂದೇ ಸುದ್ದಿ, ಅದಕ್ಕೇ ಯಾವುದನ್ನು ಮೊದಲು ಬರೆಯಲಿ ತಿಳಿಯಲಿಲ್ಲ.

ಹಿಂದಿನ ಸೋಮವಾರ ಒಂದು ಲ್ಯಾಬಿಗೆ ಹೋದೆ. ಅಚ್ಚುಕೂಟದ ಮೇಲಿನ ಮಹಡಿ, ಕಿರಿದಾದ ಮೆಟ್ಟಿಲು, ಬಾಗಿಲಿನಿಂದಲೇ ಪ್ಲಾಸ್ಟರಿನ ತಣ್ಣನೆಯ ವಾಸನೆ. ಹೇಳಬೇಕಾದ ವಾಕ್ಯವನ್ನು ಮೆಟ್ಟಿಲಲ್ಲಿ ಬಾಯಿಪಾಠ ಮಾಡಿಕೊಂಡೆ. ಒಳಗೆ ಕಾಲಿಟ್ಟೆ. ಯಜಮಾನರು ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಯಾರದೋ ಕೆಳದವಡೆಯ ಅಚ್ಚು ಹಿಡಿದು ನಿಂತಿದ್ದರು. ನನ್ನನ್ನು ನೋಡಿದ್ದೇ, "ಓ, ಬಂದ್ಯಾ? ಡಾಕ್ಟ್ರು ಕಳ್ಸಿದ್ದಲ್ವಾ?" ಅಂದರು.

ನಾನು ತಲೆ ಆಡಿಸಿದೆ.

ಯಾಕೆ ಆಡಿಸಿದೆ ಎಂದು ನಿಜ ಹೇಳುತ್ತೇನೆ. ನೀನು ನನ್ನ ಮಾತು ಮೀರಿ ನಿನ್ನ ಡಾಕ್ಟರ ಹತ್ತಿರ ಹೇಳಿಬಿಟ್ಟಿದ್ದೀಯ ಎಂದುಕೊಂಡೆ. ಆ ಸಿಟ್ಟು ತಲೆಗೇರಿತ್ತು. ಮೆಟ್ಟಿಲಲ್ಲಿ ಕಲಿತ ವಾಕ್ಯ ಅಷ್ಟರಲ್ಲಿ ಎಲ್ಲೋ ಹಾರಿಹೋಗಿತ್ತು. ಇಲ್ಲ ಎನ್ನಲು ಬಾಯಿ ಬೇಕು, ಹೌದು ಎನ್ನಲು ಕುತ್ತಿಗೆ ಸಾಕು.

"ಹೆಸರು ಹೇಳಿದ್ರು, ಮರ್ತೇಹೋಯ್ತು. ಇರ್ಲಿ, ಆಮೇಲೆ ನೋಡೋಣ. ಏಪ್ರನ್ ಅಲ್ಲಿದೆ. ಅಕ್ಕಾ, ಈ ಹುಡುಗಿಗೆ ಜಾಗ ತೋರ್ಸು!" ಎಂದವರೇ ಮತ್ತೆ ಫೋನಿಗೆ ಹೋದರು.

ಅಷ್ಟೇ. ನನ್ನ ಬಗ್ಗೆ ಹೇಳಿ ಅನ್ನಲಿಲ್ಲ. ನನ್ನ ಪ್ರಮಾಣಪತ್ರ ಚೀಲದಲ್ಲೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ನಾನು ಒಂದು ಕ್ಯಾಪಿನ ಮೇಣದ ಮಾದರಿ ಮುಗಿಸಿದ್ದೆ. ಪಿಂಗಾಣಿ ಪದರ ಹಾಕುವ ಹಿರಿಯ ಹೆಂಗಸನ್ನು ಎಲ್ಲರೂ ಪಿಂಗಾಣಿ ಅಕ್ಕ ಅನ್ನುತ್ತಾರೆ. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ ಮುಂದಿನ ತಟ್ಟೆ ನನ್ನ ಕಡೆ ತಳ್ಳಿದರು.

ಚಿಕ್ಕಮ್ಮ, ಬೇಡ ಎಂದು ಬರೆದಿದ್ದೆನಲ್ಲ? ಯಾಕೆ ಹೇಳಿದೆ? ಅಮ್ಮನಿಗೆ ಇನ್ನೂ ತಿಳಿಸಿಲ್ಲ. ಮೊದಲು ನೀನು ಉತ್ತರ ಕೊಡು.

ಪಿಸು

—

ಆಗಸ್ಟ್ ೨೭

ಪ್ರೀತಿಯ ಪಿಸು,

ನಾನು ಯಾರಿಗೂ ಹೇಳಿಲ್ಲ.

ಜೂನ್ ಆದಮೇಲೆ ಆ ಡಾಕ್ಟರ ಹತ್ತಿರ ಹೋಗಿಯೇ ಇಲ್ಲ. ಹೋದರೆ ಎಲ್ಲಿ ಬಾಯಿ ಬಿಟ್ಟುಬಿಡುತ್ತೇನೋ ಎಂದು ಹಲ್ಲು ನೋವನ್ನು ತಡೆದುಕೊಂಡಿದ್ದೇನೆ. ನಗಬೇಡ.

ನಿನ್ನ ಪತ್ರ ಬಂದು ಹಲವು ದಿನವಾಯಿತು. ಹೌದು, ನಾನೇ ಹೇಳಿದೆ, ಕ್ಷಮಿಸು ಎಂದು ಬರೆದುಬಿಟ್ಟರೆ ನೀನು ನನ್ನ ಮೇಲೆ ಸ್ವಲ್ಪ ದಿನ ಮುನಿಸಿಕೊಂಡು ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿರುತ್ತೀಯ ಅನ್ನಿಸಿತ್ತು. ಹಾಗೆ ಬರೆದ ಹಾಳೆ ಇಲ್ಲೇ ಇದೆ. ಕಳಿಸಲಿಲ್ಲ.

ಅಂದರೆ ನೀನು ಬೇರೆ ಯಾರೋ ಡಾಕ್ಟರು ಕಳಿಸಬೇಕಾಗಿದ್ದ ಬೇರೆ ಯಾರದೋ ಜಾಗದಲ್ಲಿ ಕೂತಿದ್ದೀಯ. ಅವಳು ನಾಳೆಯೇ ಬರಬಹುದು. ಬಾರದೆಯೂ ಇರಬಹುದು. ಹಾಗೆಂದು ನೀನು ಕೆತ್ತಿದ ಮೇಣ ಸುಳ್ಳಲ್ಲವಲ್ಲ? ಸುಮ್ಮನೆ ಇದ್ದು ಕೆಲಸ ಮಾಡು ಎಂದು ಹೇಳಲು ನನ್ನಲ್ಲಿ ಬೇಕಾದಷ್ಟು ಕಾರಣಗಳಿವೆ. ಎದ್ದು ಹೋಗಿ ಹೇಳು ಎನ್ನಲು ಒಂದೇ ಇದೆ, ಅದನ್ನು ನೀನೇ ಜುಲೈನಲ್ಲಿ ಬರೆದಿದ್ದೀಯ. ಯಾವುದನ್ನು ಆರಿಸಿಕೊಂಡರೂ ನಿನ್ನನ್ನು ನಾನು ಕಡಿಮೆ ಎಣಿಸುವುದಿಲ್ಲ. ಇದು ನುಣುಚಿಕೊಳ್ಳುವ ಮಾತೆಂದು ನಿನಗೆ ಅನ್ನಿಸಬಹುದು. ನನಗೂ ಒಂದೊಂದು ಸಲ ಅನ್ನಿಸುತ್ತದೆ.

ಅಕ್ಕ ಫೋನ್ ಮಾಡಿದ್ದಳು. ನಿನ್ನ ಕೆಲಸದ ವಿಷಯ ನಾನು ಹೇಳಲಿಲ್ಲ.

ಚಿಕ್ಕಮ್ಮ

—

ಸೆಪ್ಟೆಂಬರ್ ೨೧

ಚಿಕ್ಕಮ್ಮ,

ಸಿಟ್ಟು ಮಾಡಿಕೊಂಡಿದ್ದಕ್ಕೆ ನಾಚಿಕೆಯಾಯಿತು. ಹೋಗಿ ಹಲ್ಲು ತೋರಿಸಿಕೊ.

ಈ ಪತ್ರದಲ್ಲಿ ಮೊದಲು ಒಳ್ಳೆಯದನ್ನು ಬರೆಯುತ್ತೇನೆ. ಈ ಲ್ಯಾಬಿನಲ್ಲಿ ನನಗೆ ಮಾತು ಬರುತ್ತದೆ! ಯಾರೂ ಮುಖ ನೋಡಿ ಮಾತಾಡುವುದಿಲ್ಲ ಇಲ್ಲಿ. ಎಲ್ಲರ ಕಣ್ಣೂ ತಮ್ಮ ತಮ್ಮ ಕೈಮೇಲೆ. ತಲೆ ಬಗ್ಗಿಸಿಕೊಂಡೇ ಜಗಳ, ತಲೆ ಬಗ್ಗಿಸಿಕೊಂಡೇ ನಗು. ಪಿಂಗಾಣಿ ಅಕ್ಕ ಕುಂಚದಲ್ಲಿ ಪುಡಿ ಎತ್ತುತ್ತ ಕೇಳುತ್ತಾರೆ:

"ಏನೇ, ಮದುವೆ ಗಿದುವೆ ಯೋಚನೆ ಇದ್ಯಾ?"

"ಇಲ್ಲಕ್ಕ."

"ಹುಡುಗನ ಹಲ್ಲು ಸರಿ ಇದ್ರೆ ಸಾಕು ಅನ್ನು, ನಾನು ಹುಡುಕ್ತೀನಿ."

"ಹಲ್ಲು ಸರಿ ಇದ್ರೆ ನಮಗೇನು ಲಾಭ ಅಕ್ಕ?"

ಇಡೀ ಬೆಂಚು ನಕ್ಕಿತು. ನಾನು ಹೇಳಿದ ಮಾತಿಗೆ ಜನ ನಕ್ಕರು, ಚಿಕ್ಕಮ್ಮ! ಅದನ್ನು ರೂಮಿಗೆ ಹೋಗುವ ದಾರಿಯುದ್ದಕ್ಕೂ ನೆನೆಸಿಕೊಂಡು ನಕ್ಕೆ.

ಕೆಲಸವೂ ಚೆನ್ನಾಗಿದೆ. ಬೇಕಿದ್ದಕ್ಕಿಂತ ಚೆನ್ನಾಗಿದೆ ಅನ್ನುವುದೇ ತೊಡಕು. ಹೊಸಬರು ಮೊದಲು ಅಚ್ಚಿಗೆ ಸುರಿಯುವ ಪ್ಲಾಸ್ಟರ್ ಕಲಸಬೇಕು. ನನಗೆ ನೇರವಾಗಿ ಮೇಣ ಕೊಟ್ಟಿದ್ದಾರೆ, ಮುಂದಿನ ಹಲ್ಲುಗಳನ್ನೂ ಕೊಡುತ್ತಿದ್ದಾರೆ. ಆ ಡಾಕ್ಟರು ಈ ಲ್ಯಾಬಿಗೆ ಎಲ್ಲರಿಗಿಂತ ಹೆಚ್ಚು ಕೆಲಸ ಕಳಿಸುವವರಂತೆ. ಯಜಮಾನರು ಅವರಿಗೆ ಫೋನಿನಲ್ಲಿ, "ನೀವು ಕಳ್ಸಿದ ಹುಡುಗಿ ಬಂಗಾರ ಸರ್, ಬಂಗಾರ" ಅನ್ನುವುದು ನನ್ನ ಬೆನ್ನಿಗೆ ಕೇಳಿಸುತ್ತದೆ. ಹೊಗಳಿಕೆಯಲ್ಲಿ ನನ್ನ ಪಾಲೆಷ್ಟು, ಡಾಕ್ಟರ ಪಾಲೆಷ್ಟು ಎಂದು ಬಿಡಿಸಿ ನೋಡಲು ಆಗುತ್ತಿಲ್ಲ.

ಇನ್ನೊಂದು. ನಿನ್ನೆ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ನನ್ನದೇ ವಯಸ್ಸು, ಎದೆಗೆ ಅವಚಿಕೊಂಡ ಫೈಲು. ಯಜಮಾನರು ಕೂತಲ್ಲಿಂದಲೇ, "ಯಾರ ಕಡೆಯಿಂದಮ್ಮ?" ಅಂದರು. ಅವಳು ಏನೋ ಹೇಳಲು ಹೊರಟಳು. ಅವರು ಆಗಲೇ, "ಈಗ ಯಾರೂ ಬೇಡ, ಜಾಗ ಭರ್ತಿಯಾಗಿದೆ" ಎಂದುಬಿಟ್ಟರು. ಭರ್ತಿಯಾದ ಜಾಗದಲ್ಲಿ ನಾನು ಕೂತಿದ್ದೆ. ಅವಳು ಮೆಟ್ಟಿಲು ಇಳಿಯುವುದು ಕೇಳಿಸಬಾರದೆಂದು ಉಜ್ಜುವ ಮೋಟಾರ್ ಹಾಕಿದೆ.

ಹೇಳಿಬಿಡಬೇಕು. ಆದರೆ ಹೇಳಿದ ಮೇಲೆ ಈ ಬೆಂಚು ಇರುವುದಿಲ್ಲ. ವರ್ಷ ಮುಗಿಯಲು ಇನ್ನೆಷ್ಟು ಉಳಿದಿದೆ ಎಂದು ಲೆಕ್ಕ ಹಾಕುವುದನ್ನು ಬಿಟ್ಟಿದ್ದೆ. ಮತ್ತೆ ಶುರುಮಾಡಿದ್ದೇನೆ.

ಪಿಸು

—

ಅಕ್ಟೋಬರ್ ೩

ಚಿಕ್ಕಮ್ಮ,

ಹೇಳಿದೆ. ನಿನ್ನ ಪತ್ರಕ್ಕೆ ಕಾಯಲಿಲ್ಲ. ಕಾದಿದ್ದರೆ ಧೈರ್ಯ ಆರಿಹೋಗುತ್ತಿತ್ತು.

ಎಲ್ಲರೂ ಊಟಕ್ಕೆ ಎದ್ದಾಗ ಯಜಮಾನರ ಮೇಜಿನ ಹತ್ತಿರ ಹೋಗಿ ನಿಂತೆ. ಅವರು ಒಂದು ಸೆಟ್ಟಿನ ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು, ಅದನ್ನು ಸಿಕ್ಕಿಸಿದ ಹಿತ್ತಾಳೆಯ ದವಡೆಯನ್ನು ತೆರೆದು ಮುಚ್ಚಿ ನೋಡುತ್ತಿದ್ದರು. ನಾನು ಆ ದವಡೆಗೇ ಹೇಳಿದೆ: "ಸರ್, ನನ್ನನ್ನ ಡಾಕ್ಟರು ಕಳಿಸಿಲ್ಲ. ಡಾಕ್ಟರು ಯಾರು ಅಂತಲೇ ನಂಗೊತ್ತಿಲ್ಲ."

"ಮತ್ತೆ ಅವತ್ತು ಹೌದು ಅಂದೆ?"

"ತಲೆ ಆಡಿಸಿದೆ."

"ಎರಡಕ್ಕೂ ಏನು ವ್ಯತ್ಯಾಸ?"

ನನಗೆ ತುಂಬ ವ್ಯತ್ಯಾಸವಿದೆ, ಆದರೆ ವಿವರಿಸಲು ಹೋಗಲಿಲ್ಲ. ಅವರು ಬಿಳಿಚಿಕೊಂಡರು. ನಿಜವಾದ ಹುಡುಗಿ ಎಲ್ಲಿ, ಬಂದು ಬಾಗಿಲಿನಿಂದ ವಾಪಸ್ಸು ಹೋದಳೋ ಏನೋ, ಡಾಕ್ಟರಿಗೆ ಏನು ಹೇಳುವುದು ಎಂದು ಒಂದೇ ಸಮನೆ ಗೊಣಗಿದರು. ಆಮೇಲೆ ಡಾಕ್ಟರ ಕ್ಲಿನಿಕ್ಕಿನ ಸಹಾಯಕಿಗೆ ಗುಟ್ಟಾಗಿ ಫೋನ್ ಹಚ್ಚಿದರು. ತಿಳಿದದ್ದು ಇಷ್ಟು: ಆ ಹುಡುಗಿ ಡಾಕ್ಟರ ಗೆಳೆಯರೊಬ್ಬರ ಮಗಳು. ಡಾಕ್ಟರು ಅವಳನ್ನು ನೋಡಿಯೂ ಇಲ್ಲ. ಅವಳಿಗೆ ಈ ಕೆಲಸ ಇಷ್ಟವಿರಲಿಲ್ಲ, ಬೇರೇನೋ ಓದಲು ಎಂದೋ ಹೊರಟುಹೋಗಿದ್ದಾಳೆ. ಕೆಲಸ ಕೊಡಿಸಿ ಎಂದು ಕಾಡಿ ಬೇಡಿದ್ದ ಅವಳ ಅಪ್ಪನಿಗೆ ಅದನ್ನು ಡಾಕ್ಟರಿಗೆ ತಿಳಿಸಲು ಮುಜುಗರ, ಸಹಾಯಕಿಗೆ ಮಾತ್ರ ಹೇಳಿದ್ದಾರಂತೆ. ಡಾಕ್ಟರು ಪಾಪ, ತಾವು ಕಳಿಸಿದ ಹುಡುಗಿ ಬಂಗಾರ ಎಂದು ಕೇಳಿದಾಗಲೆಲ್ಲ, "ನಾನು ಕಳಿಸಿದ ಮೇಲೆ ಇನ್ನೇನು!" ಎನ್ನುತ್ತ ಬಂದಿದ್ದಾರೆ.

ಫೋನ್ ಇಟ್ಟಮೇಲೆ ಯಜಮಾನರ ಮುಖಕ್ಕೆ ಬಣ್ಣ ಬಂತು.

"ಕೂತ್ಕೋ. ನೋಡಮ್ಮ, ಡಾಕ್ಟ್ರಿಗೆ ಖುಷಿ ಇದೆ. ನಂಗೆ ಖುಷಿ ಇದೆ. ನಿಂಗೆ ಕೆಲಸ ಇದೆ. ಆ ಹುಡುಗಿಗೆ ಕೆಲಸ ಬೇಕಾಗೇ ಇಲ್ಲ. ಯಾರಿಗೇನು ನಷ್ಟ? ನೀನು ಡಾಕ್ಟ್ರ ಕಡೆಯವಳಾಗೇ ಇದ್ದುಬಿಡು. ಈ ವಿಷ್ಯ ನಾನು ಕೇಳಿಲ್ಲ, ನೀನು ಹೇಳಿಲ್ಲ."

ಚಿಕ್ಕಮ್ಮ, ನಾನು ಕೆಲಸ ಕಳೆದುಕೊಳ್ಳಲು ಸಿದ್ಧಳಾಗಿ ಹೋಗಿದ್ದೆ. ಅದನ್ನು ಉಳಿಸಿಕೊಳ್ಳಲು ಸಿದ್ಧಳಾಗಿರಲಿಲ್ಲ. ಬೆಂಚಿಗೆ ವಾಪಸ್ಸು ಬಂದು ಕೂತೆ. ಈ ಸಲ ತಲೆಯನ್ನಂತೂ ಆಡಿಸಲಿಲ್ಲ.

ಡಾಕ್ಟರು ಯಾವುದೋ ಕಷ್ಟದ ಕೆಲಸಕ್ಕೆಂದು ಮುಂದಿನ ತಿಂಗಳು ಖುದ್ದಾಗಿ ಬರುತ್ತಾರಂತೆ. ನನ್ನನ್ನೂ ನೋಡಬೇಕಂತೆ.

ಪಿಸು

—

ಅಕ್ಟೋಬರ್ ೧೦

ಪ್ರೀತಿಯ ಪಿಸು,

ನಿನ್ನ ಯಜಮಾನರ ಪ್ರಶ್ನೆಯನ್ನು ಬೆಳಗಿನಿಂದ ಬಾಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಯಾರಿಗೇನು ನಷ್ಟ? ಪಕ್ಕಾ ವ್ಯವಹಾರಸ್ಥರ ಮಾತು, ತೆಗೆದುಹಾಕುವುದು ಸುಲಭವಲ್ಲ. ನನ್ನ ಆಫೀಸಿನಲ್ಲಿ ಹೀಗೊಂದು ಗೊಂದಲವಾಗಿದ್ದರೆ ನಾನೂ ಬಹುಶಃ ಇದೇ ಪರಿಹಾರ ಹೇಳಿ, ಎಷ್ಟು ಜಾಣತನದಿಂದ ಬಗೆಹರಿಸಿದೆ ಎಂದು ಹಿಗ್ಗುತ್ತಿದ್ದೆ.

ಆ ಡಾಕ್ಟರು ಬಂದಾಗ ಎದುರು ನಿಂತು ಬಾಯಿ ಬಿಟ್ಟು ಹೇಳಿಬಿಡು ಎಂದು ಒಂದು ಸಾಲು ಬರೆದೆ. ಹೊಡೆದು ಹಾಕಿದೆ. ಬಾಯಿಂದ ಬಂದರೆ ಮಾತ್ರ ನಿಜ ಎಂದು ನಾನು ಯಾಕೆ ಅಂದುಕೊಂಡಿದ್ದೇನೆ? ನೀನು ಬರೆದು ಹೇಳಿದ್ದನ್ನೆಲ್ಲ ನಾನು ನಂಬಿಕೊಂಡೇ ಬಂದಿದ್ದೇನಲ್ಲ. ಒಂದು ಪತ್ರ ಬರೆದು ಅವರ ಕೈಗೆ ಕೊಡು ಎಂದು ಇನ್ನೊಂದು ಸಾಲು ಬರೆದೆ. ಅದನ್ನೂ ಹೊಡೆದು ಹಾಕಿದೆ. ನಿನಗೆ ಯಾವುದು ಆಗುತ್ತದೆ ಎಂದು ನಾನು ಇಲ್ಲಿ ಕೂತು ತೀರ್ಮಾನಿಸುವುದು ಬೇಡ. ಏನೂ ಹೇಳದೆ ಉಳಿದರೂ ಅದು ನಿನ್ನ ತೀರ್ಮಾನ. ನಾನು ನಿನ್ನ ಕಡೆಯವಳೇ.

ನಮ್ಮ ಮೀಟಿಂಗಿನಲ್ಲಿ ನಾನೊಂದು ಪ್ರಸ್ತಾಪ ಇಟ್ಟೆ. ಗೋದಾಮಿಗೆ ಬರುವವರನ್ನು ಪ್ರಶ್ನೆ ಕೇಳುವ ಬದಲು ಅರ್ಧ ದಿನ ಕೆಲಸ ಕೊಟ್ಟು ನೋಡೋಣವೇ ಎಂದು. ನಮ್ಮ ಮೇಲಧಿಕಾರಿ, "ಮೇಡಂ, ಆಮೇಲೆ ನಾವೆಲ್ಲ ಯಾಕೆ ಬೇಕು?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೆ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು ಬಂತು. ಮುಂದಿನ ತಿಂಗಳು ಮತ್ತೆ ಕೇಳುತ್ತೇನೆ.

ಹಲ್ಲು ತೋರಿಸಿಕೊಂಡೆ. ಕ್ಯಾಪು ಹಾಕಬೇಕಂತೆ.

ಚಿಕ್ಕಮ್ಮ

—

ನವೆಂಬರ್ ೧೪

ಚಿಕ್ಕಮ್ಮ,

ಡಾಕ್ಟರು ಬಂದುಹೋದರು. ಅದಾದ ಮೇಲೆ ಇನ್ನೂ ಒಂದಷ್ಟು ನಡೆಯಿತು. ಎಲ್ಲ ಮುಗಿದ ಮೇಲೆ ಬರೆಯೋಣವೆಂದು ಕಾದೆ. ನೀನು ಆತಂಕ ಪಟ್ಟಿರುತ್ತೀಯ.

ಡಾಕ್ಟರು ದೊಡ್ಡ ಆಳು, ನಗು ಆಳಿಗಿಂತ ದೊಡ್ಡದು. ನಾನು ಒಂದು ಕ್ಯಾಪಿನ ಅಂಚು ಉಜ್ಜುತ್ತಿದ್ದೆ. ಮೋಟಾರ್ ಕಿರುಚುತ್ತಿತ್ತು, ಧೂಳು ಎಳೆಯುವ ಯಂತ್ರ ಅದಕ್ಕಿಂತ ಜೋರಾಗಿ ಕಿರುಚುತ್ತಿತ್ತು. ಅವರು ನೇರ ನನ್ನ ಬೆಂಚಿಗೇ ಬಂದು, "ಎಲ್ಲಿ, ನಮ್ಮ ಹುಡುಗಿ ಇವಳೇನಾ?" ಅಂದರು. ಯಜಮಾನರು ಅವರ ಬೆನ್ನ ಹಿಂದೆ ನಿಂತು ಕಣ್ಣಲ್ಲೇ ಕೈಮುಗಿಯುತ್ತಿದ್ದರು. ನಿಜ ಹೇಳುತ್ತೇನೆ, ಆ ಗಳಿಗೆಯವರೆಗೂ ನಾನು ಏನೂ ತೀರ್ಮಾನಿಸಿರಲಿಲ್ಲ. ಸುಮ್ಮನಿದ್ದರೆ ಮುಗಿದುಹೋಗುತ್ತದೆ ಅನ್ನಿಸುತ್ತಿತ್ತು. ಸುಮ್ಮನಿರುವುದು ನನಗೆ ಕಷ್ಟವೇ?

ಆಗ ಅವರು, "ಅಪ್ಪ ಹೇಗಿದಾರಮ್ಮ? ಈಗೀಗ ಫೋನೇ ಮಾಡಲ್ಲ!" ಅಂದರು.

ಕುತ್ತಿಗೆ ಅಲುಗಲಿಲ್ಲ. ನಾನು ಯಾರದೋ ಜಾಗದಲ್ಲಿ ಕೂತಿದ್ದು ಸರಿ, ಆದರೆ ಅಪ್ಪನ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲು ಹೇಗಾಗುತ್ತದೆ? ಅಂಗಡಿಯ ಮುಂದೆ ಮೊಳಕೋಲು ಹಿಡಿದು ನಿಂತು, ದಾರಿಹೋಕರಿಗೆಲ್ಲ ನನ್ನ ಮಗಳು ಹಲ್ಲಿನ ಕೆಲಸ ಕಲ್ತಿದಾಳೆ ಎಂದು ಹೇಳುವ ಅಪ್ಪ. ಎರಡು ಯಂತ್ರಗಳ ಸದ್ದಿನ ಮೇಲೆ ಕೇಳಿಸಲಿ ಎಂದು ಉಸಿರು ಕಟ್ಟಿ ಕೂಗಿದೆ. ಅದೇ ಹೊತ್ತಿಗೆ ಪಿಂಗಾಣಿ ಅಕ್ಕ, ಡಾಕ್ಟರಿಗೆ ಮಾತು ಕೇಳಿಸಲಿ ಎಂದು ಎರಡನ್ನೂ ಆರಿಸಿದರು. ಹಾಗಾಗಿ ಇಡೀ ಲ್ಯಾಬು, ಕೆಳಗಿನ ಅಚ್ಚುಕೂಟ ಎಲ್ಲ ಸೇರಿ ಕೇಳಿದ್ದು ಇದು:

"ನಮ್ಮಪ್ಪ ಪರದೆ ಮಾರ್ತಾರೆ! ಅವರಿಗೆ ನೀವು ಯಾರು ಅಂತಾನೇ ಗೊತ್ತಿಲ್ಲ! ನನ್ನ ಯಾರೂ ಕಳ್ಸಿಲ್ಲ, ನಾನೇ ಬಂದೆ!"

ಇಷ್ಟು ದೊಡ್ಡ ದನಿ ನನ್ನಲ್ಲಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಡಾಕ್ಟರು ಮೆಲ್ಲಗೆ ಯಜಮಾನರ ಕಡೆ ತಿರುಗಿದರು. "ಏನ್ರೀ ಇದು? ಮತ್ತೆ ಇಷ್ಟು ದಿನ ನಂಗೆ ಥ್ಯಾಂಕ್ಸ್ ಹೇಳಿದ್ದು ಯಾತಕ್ಕೆ?"

ಯಜಮಾನರು ಸೂರು ನೋಡಿದರು. ಕುಂಚ ತೊಳೆಯುತ್ತಿದ್ದ ಪಿಂಗಾಣಿ ಅಕ್ಕ ತಲೆ ಎತ್ತದೆಯೇ, "ನೀವು ತಗೊಂಡಿದ್ದು ಯಾತಕ್ಕೆ ಸರ್?" ಅಂದರು.

ಡಾಕ್ಟರ ಕಿವಿ ಕೆಂಪಾಯಿತು. ಬಂದ ಕೆಲಸವನ್ನು ಬೇಗ ಬೇಗ ವಿವರಿಸಿ ಮೆಟ್ಟಿಲಿಳಿದರು. ನಗು ಜೊತೆಗೆ ಹೋಗಲಿಲ್ಲ, ಇಲ್ಲೇ ಉಳಿಯಿತು. ಅವರು ಅಚ್ಚುಕೂಟ ದಾಟುವವರೆಗೆ ತಡೆದುಕೊಂಡಿದ್ದ ಬೆಂಚಿನವರೆಲ್ಲ ಆಮೇಲೆ ಹೊಟ್ಟೆ ಹಿಡಿದುಕೊಂಡರು. ಯಜಮಾನರೊಬ್ಬರು ನಗಲಿಲ್ಲ. "ನಾಳೆಯಿಂದ ಬರ್ಬೇಡ" ಅಂದರು. ಏಪ್ರನ್ ಮಡಿಸಿಟ್ಟು ಬಂದೆ.

ರೂಮಿಗೆ ಹೋಗಿ ಅತ್ತೆನೋ ಏನೋ ಎಂದು ನೀನು ಯೋಚಿಸುತ್ತಿದ್ದರೆ, ಇಲ್ಲ. ಚೆನ್ನಾಗಿ ನಿದ್ದೆ ಬಂತು. ಎದ್ದಮೇಲೆ ಒಂದು ಲೆಕ್ಕ ತಾನಾಗಿ ಕೂಡಿಬಂತು. ಡಾಕ್ಟರು ಕಳಿಸಿದ ಹುಡುಗಿಯನ್ನು ಅವರು ತೆಗೆದುಹಾಕಿದ್ದಾರೆ. ನನ್ನನ್ನು ಇನ್ನೂ ಯಾರೂ ಬೇಡ ಅಂದಿಲ್ಲ. ನಾನು ಆ ಲ್ಯಾಬಿನಲ್ಲಿ ಕೆಲಸ ಕೇಳಿಯೇ ಇಲ್ಲವಲ್ಲ!

ಕೆಲವು ದಿನ ಬಿಟ್ಟು ಯಜಮಾನರ ಸಿಟ್ಟು ಇಳಿದಿರಬಹುದು ಅನ್ನಿಸಿದಾಗ, ಒಗೆದ ಬಟ್ಟೆ ಹಾಕಿಕೊಂಡು, ಚೀಲದಲ್ಲಿ ಪ್ರಮಾಣಪತ್ರ ಇಟ್ಟುಕೊಂಡು ಹೋದೆ. ಬಾಗಿಲಲ್ಲಿ ನಿಂತೆ. ಯಜಮಾನರು ಕಾಗದದ ಮೇಲಿಂದ ಕಣ್ಣೆತ್ತದೆ ಅಭ್ಯಾಸಬಲದಿಂದ, "ಯಾರ ಕಡೆಯಿಂದಮ್ಮ?" ಅಂದರು. ಆಮೇಲೆ ಕಣ್ಣೆತ್ತಿದರು.

"ಯಾರ ಕಡೆಯಿಂದಲೂ ಇಲ್ಲ ಸರ್. ಕೆಲಸ ಇದೆಯಾ ಅಂತ ಕೇಳಕ್ಕೆ ಬಂದೆ."

ಅವರು ನನ್ನ ಪ್ರಮಾಣಪತ್ರ ಇಸಿದುಕೊಂಡರು. ಮೊದಲ ಬಾರಿ ಓದಿದರು, ಹಿಂದೆ ತಿರುಗಿಸಿ ನೋಡಿದರು.

"ಮಾತಾಡಕ್ಕೆ ಬರುತ್ತಾ?"

"ಅಷ್ಟೊಂದು ಬರಲ್ಲ ಸರ್."

"ಮೊನ್ನೆ ಚೆನ್ನಾಗೇ ಬಂತು" ಎಂದವರು ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟರು. "ಡಾಕ್ಟ್ರು ಬೇರೆ ಲ್ಯಾಬಿಗೆ ಅರ್ಧ ಕೆಲಸ ಕಳ್ಸಿದ್ರು ಗೊತ್ತಾ? ಹಲ್ಲು ಕೂರ್ಲಿಲ್ಲ ಅಂತ ವಾಪಸ್ಸು ಇಲ್ಲಿಗೇ ಬಂದಿದೆ. ನೋಡು, ನಮ್ಮಲ್ಲಿ ಹೊಸಬರು ಪ್ಲಾಸ್ಟರಿಂದ ಶುರು. ಒಂದು ತಿಂಗಳು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಕಳಿಸ್ತೀನಿ. ಮೇಣ ಗೀಣ ಈಗ್ಲೇ ಕೇಳ್ಬಾರ್ದು."

"ಆಗ್ಲಿ ಸರ್."

ಪಿಂಗಾಣಿ ಅಕ್ಕ, "ಯಾರಮ್ಮ ನೀನು, ಹೊಸ ಮುಖ" ಎನ್ನುತ್ತ ಏಪ್ರನ್ ಎಸೆದರು.

ಹಾಗಾಗಿ ಈಗ ನಾನು ಮೂಲೆಯ ನಲ್ಲಿಯ ಪಕ್ಕ ನಿಂತು ಬೆಳಗಿನಿಂದ ಸಂಜೆಯವರೆಗೆ ಪ್ಲಾಸ್ಟರ್ ಕಲಸುತ್ತೇನೆ. ನೀರಿಗೆ ಪುಡಿ, ಪುಡಿಗೆ ನೀರಲ್ಲ. ಗುಳ್ಳೆ ಏಳದ ಹಾಗೆ ತಟ್ಟಿ ತಟ್ಟಿ ಅಚ್ಚಿಗೆ ಇಳಿಸಬೇಕು. ನಿನ್ನೆ ಒಂದರಲ್ಲಿ ಗುಳ್ಳೆ ಬಂತೆಂದು ಯಜಮಾನರು ಎಲ್ಲರ ಎದುರೇ ಬೈದರು, ಚೆನ್ನಾಗಿ ಬೈದರು. ಆ ಬೈಗುಳದಲ್ಲಿ ಯಾವ ಡಾಕ್ಟರಿಗೂ ಪಾಲಿರಲಿಲ್ಲ. ಇವತ್ತು ಬಂದ ಅಚ್ಚುಗಳಲ್ಲಿ ಗುಳ್ಳೆಯಿಲ್ಲ.

ಅಮ್ಮನಿಗೂ ಅಪ್ಪನಿಗೂ ಇದರ ಜೊತೆಗೇ ಬರೆಯುತ್ತಿದ್ದೇನೆ. ಆದರೆ ನಿನಗೆ ಮೊದಲು: ಚಿಕ್ಕಮ್ಮ, ನನಗೆ ಕೆಲಸ ಸಿಕ್ಕಿತು.

ಪಿಸು